ಚೆನ್ನಮ್ಮನ ಚಿತ್ರ ತೆಗೆದಿಲ್ಲ, ಗೋಡೆ ಬದಲಿಸಿದ್ದೇವೆ

ಸಮಾಜವನ್ನೇ ಅಲುಗಾಡಿಸಿದ ದಿಟ್ಟ ಹೆಣ್ಣುಮಕ್ಕಳ ಬಗ್ಗೆ ಧಾರವಾಡದಲ್ಲಿ ನಾವು ಜೋಡಿಸಿರುವ ಚಿತ್ರ ಪ್ರದರ್ಶನದ ಕುರಿತು ಒಂದು ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಕಿತ್ತೂರು ಚೆನ್ನಮ್ಮನ ಚಿತ್ರ ತೆಗೆದು, ಹೊರಗಿನವರಾದ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಅವರಿಗೆ ಆ ಜಾಗ ಕೊಟ್ಟಿದ್ದೇವಂತೆ. ಎರಡೂ ಮಾತು ಸುಳ್ಳು.

ಚೆನ್ನಮ್ಮನ ಚಿತ್ರ ಇದ್ದೇ ಇದೆ. ಮೊದಲು ಹಾಕಿದ್ದ ಗೋಡೆಗೆ ಮಳೆಯ ತೇವ ಏರಿತ್ತು, ಕಾಗದದ ಮೇಲಿನ ಚಿತ್ರ ಹಾಳಾಗುತ್ತೆ ಅಂತ ಎದುರಿನ ಗೋಡೆಗೆ ಹಾಕಿದೆವು, ಅಷ್ಟೇ. ಮೆಸೇಜಿನಲ್ಲಿರುವ ಖಾಲಿ ಮೊಳೆಯ ಫೋಟೋ ಆ ಹಳೇ ಗೋಡೆಯದ್ದು.

ಇನ್ನು ಉಮಾಬಾಯಿ. ಹುಟ್ಟಿದ್ದು ಮಂಗಳೂರಿನಲ್ಲಿ, ನಿಜ. ಆದರೆ ಬದುಕು ಸವೆಸಿದ್ದು ಹುಬ್ಬಳ್ಳಿಯಲ್ಲಿ ಅಲ್ವಾ? ಇಲ್ಲಿನ ತಿಲಕ್ ಕನ್ಯಾಶಾಲೆ ನೋಡಿಕೊಂಡರು, ಕಾಂಗ್ರೆಸ್ಸಿನ ಸ್ವಯಂಸೇವಕರ ಸಂಘಟನೆಯಾದ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗ ಮುನ್ನಡೆಸಿದರು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ತಿರುಗಾಡಿ ತಿರುಗಾಡಿ 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕೂಡಿಸಿದರು, ಅವರಲ್ಲಿ ವಿಧವೆಯರೂ ಇದ್ದರು. ಉಮಾಬಾಯಿಯೂ ಆಗಲೇ ಗಂಡನನ್ನು ಕಳೆದುಕೊಂಡಿದ್ದರು. ಹೊಸ್ತಿಲು ದಾಟೋದೇ ಕಷ್ಟವಾಗಿದ್ದ ಕಾಲ ಅದು. 1932ರಲ್ಲಿ ಪುಣೆಯ ಯರವಡಾ ಜೈಲಿಗೂ ಹೋದರು. ಇಂಥವರನ್ನು ಹೊರಗಿನವರು ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತೆ.

ಪ್ರದರ್ಶನದ ಕಸೂತಿ ಸೀರೆಗಳ ಕೋಣೆಯಲ್ಲಿ ಕರೆಂಟ್ ಉಳಿಸೋಕೆ ಲೈಟ್ ಕಡಿಮೆ ಮಾಡಿದ್ದಾರೆ ಅನ್ನೋದೂ ತಪ್ಪು. ಬೆಳಕು ಜಾಸ್ತಿ ಬಿದ್ದರೆ ಹಳೇ ಸೀರೆಯ ಬಣ್ಣ ಹೋಗುತ್ತೆ. ಅದಕ್ಕೇ ಬೆಳಕನ್ನು 50 ಲಕ್ಸ್ (ಬೆಳಕು ಅಳೆಯುವ ಮಾನ) ಆಸುಪಾಸು ಇಟ್ಟಿದ್ದೇವೆ.

ಟಿಕೆಟ್ ಇಲ್ಲ, ಯಾರು ಬೇಕಾದರೂ ಬಂದು ನೋಡಬಹುದು. ಆ ಮೆಸೇಜ್ ಬಂದಿರೋ ಗ್ರೂಪಿಗೆ ದಯವಿಟ್ಟು ಇದನ್ನೂ ಕಳಿಸಿ.