ಸೂಜಿಮೊನೆಯ ಮೇಲೊಂದು ಚುನಾವಣೆ

ಅಮೆರಿಕದ ಮಿಸೌರಿ ರಾಜ್ಯಕ್ಕೆ ಒಂದು ಅಡ್ಡಹೆಸರಿದೆ. ‘ತೋರಿಸು ನೋಡೋಣ’ ರಾಜ್ಯ ಅಂತ. ಬಾಯಿಮಾತಿಗೆ ಮರುಳಾಗುವವರಲ್ಲ, ಕಣ್ಣಾರೆ ಕಂಡರೆ ಮಾತ್ರ ಒಪ್ಪುವವರು ಎಂದು ಅವರಿಗೆ ಹೆಮ್ಮೆ. ಅಂಥವರ ಕೈಗೆ 2006ರ ನವೆಂಬರ್ 7ರಂದು ಒಂದು ಮತಪತ್ರ ಕೊಟ್ಟರು. ಕಣ್ಣಿಗೆ ಕಂಡೂ ಕಾಣದಂಥ ವಸ್ತುವಿನ ಮೇಲೆ ಓಟು ಹಾಕಿ ಎಂದರು.

ಆ ವಸ್ತು ಐದು ದಿನದ ಭ್ರೂಣ. ನೂರು, ನೂರೈವತ್ತು ಜೀವಕೋಶಗಳ ಒಂದು ಮುದ್ದೆ. ಸೂಜಿಮೊನೆಯ ಮೇಲೆ ಕೂರಿಸಬಹುದು. ಅದರೊಳಗಿನ ಕಾಂಡಕೋಶಗಳಿಂದ ನರ, ಹೃದಯ, ಮೂಳೆ, ಏನು ಬೇಕಾದರೂ ಬೆಳೆಸಬಹುದು ಎಂಬ ಆಸೆ ಒಂದು ಕಡೆ. ಅದನ್ನು ಒಡೆದರೆ ಒಂದು ಜೀವ ತೆಗೆದಂತೆ ಎಂಬ ನಂಬಿಕೆ ಇನ್ನೊಂದು ಕಡೆ. ಎರಡೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ವರ್ಷಗಟ್ಟಲೆ ಕೂತು ಮಾತಾಡಿದರೂ ಮುಗಿಯುವಂಥದ್ದಲ್ಲ. ಹಾಗಾಗಿ ಟಿವಿ ಜಾಹೀರಾತಿನಲ್ಲಿ ಮುಗಿಸಿದರು.

ಮತಕ್ಕೆ ಹಾಕಿದ್ದು ರಾಜ್ಯ ಸಂವಿಧಾನಕ್ಕೆ ಒಂದು ತಿದ್ದುಪಡಿ, ಮತಪತ್ರದಲ್ಲಿ ಅದರ ಸಂಖ್ಯೆ ಎರಡು. (ಬಂದೂಕು ಇಟ್ಟುಕೊಳ್ಳುವ ಹಕ್ಕಿನ ಎರಡನೇ ತಿದ್ದುಪಡಿಯಲ್ಲ. ಅದು ದೇಶದ ಸಂವಿಧಾನದ್ದು, ಅದರ ಜಗಳ ಬೇರೆ.) ಕೇಂದ್ರದ ಕಾನೂನು ಯಾವ ಕಾಂಡಕೋಶ ಸಂಶೋಧನೆಗೆ ಅಡ್ಡಿ ಮಾಡುವುದಿಲ್ಲವೋ ಅದಕ್ಕೆ ಮಿಸೌರಿಯೂ ಅಡ್ಡಿ ಮಾಡಬಾರದು. ಇಷ್ಟೇ ಅದರ ತಿರುಳು. ಆದರೆ ಶುರುವಿಗೇ ಇನ್ನೊಂದು ಮಾತು ಸೇರಿಸಿದ್ದರು. ಮನುಷ್ಯರನ್ನು ಕ್ಲೋನ್ ಮಾಡುವ ಹಾಗಿಲ್ಲ ಅಂತ.

ಅಲ್ಲಿಂದ ತಮಾಷೆ ಶುರು. ಕ್ಲೋನಿಂಗ್ ತಡೆಯಬೇಕಾ, ಯೆಸ್ ಅನ್ನಿ ಎಂದರು ಪರವಾದವರು. ಕ್ಲೋನಿಂಗ್ ತಡೆಯಬೇಕಾ, ನೋ ಅನ್ನಿ ಎಂದರು ವಿರೋಧಿಗಳು. ಇಬ್ಬರೂ ಒಂದೇ ದೆವ್ವವನ್ನು ಓಡಿಸಲು ಬೇವಿನಸೊಪ್ಪು ಹಿಡಿದು ನಿಂತಿದ್ದರು. ಬೀಸುವ ದಿಕ್ಕು ಮಾತ್ರ ಬೇರೆ.

ಗುಟ್ಟು ಇದ್ದದ್ದು ಪದದ ಅರ್ಥದಲ್ಲಿ. ಅಂಡದ ಕೇಂದ್ರವನ್ನು ತೆಗೆದು, ಇನ್ನೊಂದು ಕೋಶದ ಕೇಂದ್ರವನ್ನು ಅದರೊಳಗೆ ಕೂರಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅದು ಕ್ಲೋನಿಂಗ್ ಅಲ್ಲ. ಅದನ್ನೇ ಗರ್ಭಕೋಶಕ್ಕೆ ಸೇರಿಸಿದರೆ ಕ್ಲೋನಿಂಗ್. ಹೀಗಂತ ತಿದ್ದುಪಡಿಯೇ ಹೇಳಿತ್ತು. ಅಂದರೆ ಹಿಟ್ಟು ರುಬ್ಬಿ, ಹುಳಿ ಬರಿಸಿ ಇಟ್ಟರೂ ಕಾವಲಿಗೆ ಹೊಯ್ಯುವ ತನಕ ಅದು ದೋಸೆಯಲ್ಲ. ಅಕ್ಕಿ ನೆನೆಹಾಕಿದ ಗಳಿಗೆಯಲ್ಲೇ ಅದು ದೋಸೆ ಎಂದು ಎದುರಿನವರ ವಾದ. ಅಡುಗೆಮನೆಯಲ್ಲಿ ಯಾರೂ ಹೀಗೆ ಜಗಳ ಆಡುವುದಿಲ್ಲ, ಅಲ್ವಾ? ಇಲ್ಲಿ ಸಂವಿಧಾನವನ್ನೇ ಕಾವಲಿ ಮಾಡಿಕೊಂಡಿದ್ದರು.

ಅದೇ ಚುನಾವಣೆಯಲ್ಲಿ ಸೆನೆಟ್ ಸೀಟಿಗೆ ಕ್ಲೇರ್ ಮೆಕ್ಯಾಸ್ಕಿಲ್ ನಿಂತಿದ್ದರು. ಅವರ ಪರವಾಗಿ ನಟ ಮೈಕಲ್ ಜೆ. ಫಾಕ್ಸ್ ಒಂದು ಜಾಹೀರಾತಿನಲ್ಲಿ ಬಂದರು. ಪಾರ್ಕಿನ್ಸನ್ ಕಾಯಿಲೆಯ ಮನುಷ್ಯ. ಕಾಂಡಕೋಶ ಸಂಶೋಧನೆ ಉಳಿಯಬೇಕು ಎಂದು ಹೇಳುತ್ತಿದ್ದಷ್ಟು ಹೊತ್ತೂ ತಲೆ, ಹೆಗಲು ತೊನೆಯುತ್ತಿದ್ದವು. ನೋಡಿ ಸುಮ್ಮನಿರಲಾಗದ ರೇಡಿಯೊ ಮಾತುಗಾರ ರಶ್ ಲಿಂಬಾ, ತನ್ನ ಸ್ಟುಡಿಯೋದ ಕುರ್ಚಿಯಲ್ಲಿ ಕೂತು ತೋಳು ಆಡಿಸಿ, ಮೈ ತೂಗಿ ಅಣಕಿಸಿ ತೋರಿಸಿದ. ರೇಡಿಯೊ ಕಾರ್ಯಕ್ರಮದಲ್ಲಿ ಅಭಿನಯ ಯಾರಿಗೆ ಕಾಣಬೇಕು? ಪುಣ್ಯಕ್ಕೆ ಅಲ್ಲೊಂದು ಕ್ಯಾಮೆರಾ ಇತ್ತು. ಒಂದೋ ಈತ ಬೇಕಂತಲೇ ಔಷಧಿ ಬಿಟ್ಟಿದ್ದಾನೆ, ಇಲ್ಲ ನಟಿಸುತ್ತಿದ್ದಾನೆ ಎಂಬುದು ಲಿಂಬಾನ ರೋಗಪರೀಕ್ಷೆ. ಹಾಗೆ ಮೈ ತೊನೆದಾಡುವುದು ಬಹುತೇಕ ಲೆವೊಡೋಪಾ ಔಷಧಿಯ ಅಡ್ಡಪರಿಣಾಮ. ಔಷಧಿ ಬಿಟ್ಟವನಿಗಲ್ಲ, ವರ್ಷಗಟ್ಟಲೆ ನುಂಗಿದವನಿಗೆ ಬರುವಂಥದ್ದು. ‘ತೋರಿಸು ನೋಡೋಣ’ ರಾಜ್ಯದಲ್ಲಿ ಒಬ್ಬ ತನ್ನ ರೋಗವನ್ನೇ ತೋರಿಸಿದರೆ ಸಿಕ್ಕ ಮರ್ಯಾದೆ ಇದು.

ಫಾಕ್ಸ್ ಮೇಲೆ ನನಗೆ ಗೌರವ ಇದೆ. ಆದರೂ ಹೇಳದೆ ಬಿಡುವ ಹಾಗಿಲ್ಲ. ಆಮೇಲೆ ಒಂದು ಟಿವಿ ಸಂದರ್ಶನದಲ್ಲಿ ಅವರು ಒಪ್ಪಿಕೊಂಡರು, ಆ ತಿದ್ದುಪಡಿಯನ್ನು ತಾನು ಓದಿಲ್ಲ ಅಂತ.

ಪರವಾದವರಿಗೆ ನಟ ಸಿಕ್ಕರೆ ವಿರೋಧಿಗಳು ಬಿಟ್ಟಾರೆಯೇ? ಅವರು ಏಸುವನ್ನೇ ಕರೆತಂದರು. ಪರದೆಯ ಮೇಲೆ ಏಸುವಿನ ಪಾತ್ರ ಮಾಡಿದ್ದ ಜಿಮ್ ಕವೀಜಲ್ ಕ್ಯಾಮೆರಾ ನೋಡಿ ಮೊದಲು ಆಡಿದ್ದೇ ಅರಾಮಿಕ್ ಭಾಷೆಯಲ್ಲಿ. ಎರಡು ಸಾವಿರ ವರ್ಷದ ಹಿಂದಿನ ಮತದಾರರಿಗೆ ಸಲೀಸಾಗಿ ಅರ್ಥವಾಗುತ್ತಿತ್ತು. ಜೊತೆಗೆ ಒಬ್ಬ ಫುಟ್‌ಬಾಲ್ ಆಟಗಾರ, ಇಬ್ಬರು ಬೇಸ್‌ಬಾಲ್ ಆಟಗಾರರು, ಟಿವಿ ನಟಿ ಪೆಟ್ರೀಷಿಯಾ ಹೀಟನ್. ಅಂಡ ಕೊಡಲು ದುಡ್ಡಿನ ಆಸೆಗೆ ಬಡ ಹೆಂಗಸರು ಸಿಕ್ಕಿಬೀಳುತ್ತಾರೆ ಎಂದು ಆಕೆ ಎತ್ತಿದ ಕಾಳಜಿಯಲ್ಲಿ ಹುರುಳಿತ್ತು. ಆದರೆ ಅತ್ತ ಏಸು, ಇತ್ತ ಬ್ಯಾಟು. ನಡುವೆ ಯಾರಿಗೆ ಕೇಳಿಸಬೇಕು? ಜಾಹೀರಾತು ಬಂದದ್ದು ಬೇಸ್‌ಬಾಲ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ನಾಲ್ಕನೇ ಪಂದ್ಯದ ನಡುವೆ. ಮಿಸೌರಿಯದೇ ಆದ ಸೇಂಟ್ ಲೂಯಿಸ್ ತಂಡಕ್ಕೆ ಅವತ್ತು ಚೆಂಡೆಸೆಯಲು ಇಳಿದವನು ಜೆಫ್ ಸುಪ್ಪಾನ್. ಜಾಹೀರಾತಿನಲ್ಲಿ ಭ್ರೂಣದ ಬಗ್ಗೆ ಬುದ್ಧಿ ಹೇಳಿದವನೂ ಅವನೇ. ಊರಿನ ತಂಡ ಆ ಪಂದ್ಯವನ್ನೂ ಗೆದ್ದಿತು, ಕಪ್ಪನ್ನೂ ಗೆದ್ದಿತು. ಜೀವಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಕೊನೆಗೆ ತಿದ್ದುಪಡಿ ಗೆದ್ದದ್ದು ಶೇಕಡಾ 51.2 ಓಟಿನಿಂದ. ಅಂತರ ಸುಮಾರು 50 ಸಾವಿರ. ಪ್ರಚಾರಕ್ಕೆ ಕ್ಯಾನ್ಸಸ್ ಸಿಟಿಯ ಸ್ಟೋವರ್ಸ್ ದಂಪತಿ ಸುರಿದದ್ದೇ ಸುಮಾರು 3 ಕೋಟಿ ಡಾಲರ್. ಕ್ಯಾನ್ಸರ್ ಕಂಡು ಬದುಕಿದವರು, ಸ್ವಂತ ದುಡ್ಡಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದವರು. ಅಂತರದ ಓಟೊಂದಕ್ಕೆ 600 ಡಾಲರ್ ಬಿತ್ತು. ನಮ್ಮ ಕಡೆಯ ಚುನಾವಣಾ ಪಂಡಿತರು ಕೇಳಿದರೆ ದುಬಾರಿಯಾಯಿತು ಅಂತಾರೆ. ಅಷ್ಟು ಖರ್ಚು ಮಾಡಿ ಗೆದ್ದ ಮೇಲೆ ಪ್ರಯೋಗಾಲಯಕ್ಕೆ ಬಂದದ್ದು ಸಂಶೋಧನೆಯ ಹಣವಲ್ಲ, ಬರೀ ಅನುಮತಿ.

ಇಷ್ಟಕ್ಕೂ ಅದೇ ವರ್ಷದ ಆಗಸ್ಟ್‌ನಲ್ಲಿ ಜಪಾನಿನ ಕ್ಯೋಟೋದಿಂದ ಒಂದು ಪ್ರಬಂಧ ಹೊರಬಂದಿತ್ತು. ಶಿನ್ಯಾ ಯಮನಕ ಮತ್ತವರ ಜೊತೆಗಾರರು ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ, ಭ್ರೂಣವನ್ನು ಮುಟ್ಟದೆಯೇ ಕಾಂಡಕೋಶದಂಥ ಕೋಶ ಪಡೆದಿದ್ದರು. 2012ರಲ್ಲಿ ಅದಕ್ಕೆ ನೊಬೆಲ್ ಬಂತು. ಮಿಸೌರಿಯಲ್ಲಿ ಎರಡೂ ಕಡೆಯವರು ಕೊರಳುಪಟ್ಟಿ ಹಿಡಿದುಕೊಂಡಿದ್ದಾಗ ಆ ಇಲಿ ಅವರ ಮುಂದೆಯೇ ಇತ್ತು. ಯಾರೂ ಅದನ್ನು ಜಾಹೀರಾತಿಗೆ ಕರೆಯಲಿಲ್ಲ. ಕರೆದಿದ್ದರೂ ಪ್ರಯೋಜನ ಇರಲಿಲ್ಲ ಬಿಡಿ. ಅದಕ್ಕೆ ಅರಾಮಿಕ್ ಬರುತ್ತಿರಲಿಲ್ಲ, ಬೇಸ್‌ಬಾಲೂ ಬರುತ್ತಿರಲಿಲ್ಲ.