ಕೀಲಿ ಕೈ ಯಾರ ಹತ್ರ ಐತಿ?

ನಮ್ಮ ಗದಗ ಜಿಲ್ಲೆಯ ಲಕ್ಕುಂಡಿಯಂಥ ಊರಿಗೆ ಬಂದವರನ್ನು ಮೊದಲು ಮಾತಾಡಿಸುವುದು ಪುರಾತತ್ವ ಇಲಾಖೆಯ ನೀಲಿ ಬೋರ್ಡು. ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಧಕ್ಕೆ ಮಾಡಿದರೆ ಹುಷಾರ್. 2010ರ ತಿದ್ದುಪಡಿ ಆದಮೇಲೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಬೇಕಾದರೆ ಎರಡೂ. ಕಾನೂನು ಬೇಡ ಅನ್ನೋದಿಲ್ಲ. ಸಾವಿರ ವರ್ಷದ ಗೋಡೆ ಮೇಲೆ ಬಾಣ ಚುಚ್ಚಿದ ಹೃದಯ ಕೆತ್ತುವ ನಮ್ಮ ಪ್ರೇಮಿಗಳಿಗೆ ಎರಡು ವರ್ಷ ಕಡಿಮೆಯೇ ಆಯ್ತು. ಆದರೂ ಮನೆಗೆ ಬಂದ ಬೀಗರಿಗೆ ನೀರಿನ ತಂಬಿಗೆ ಬದಲು ಎಫ್‌ಐಆರ್ ಕೈಗೆ ಕೊಟ್ಟ ಹಾಗಾಗುತ್ತದೆ, ಅಲ್ವಾ?

ದೆಹಲಿಯವರಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. 2002ರ ರಾಷ್ಟ್ರೀಯ ಪ್ರವಾಸೋದ್ಯಮ ನೀತಿಯಲ್ಲಿ ಏಳು 'ಸ'ಗಳಿದ್ದವು. ಸ್ವಾಗತ, ಸೂಚನಾ, ಸುವಿಧಾ, ಸುರಕ್ಷಾ, ಸಹಯೋಗ, ಸಂರಚನಾ, ಸಫಾಯಿ. ಕೇಳೋಕೆ ಸಪ್ತಸ್ವರ. ಆಮೇಲೆ ಪ್ರವಾಸಿ ತಾಣ ಅಭಿವೃದ್ಧಿ ಮಾಡುವ ಸ್ವದೇಶ ದರ್ಶನ ಯೋಜನೆ ಬಂತು. ಅದು ಹಳತಾಗುವುದರೊಳಗೆ ಸ್ವದೇಶ ದರ್ಶನ 2.0 ಬಂತು. 2022ರಲ್ಲಿ ಹೊಸ ನೀತಿಯ ಕರಡೂ ಬಂತು. ಇಷ್ಟೆಲ್ಲ ಬಂದಮೇಲೆ ಇನ್ನು ಬರಬೇಕಾಗಿರುವುದು ಪ್ರವಾಸಿಗರು ಮಾತ್ರ.

ಅವರು ಬರುತ್ತಿಲ್ಲ ಅನ್ನೋದೂ ಪೂರ್ತಿ ಸರಿಯಲ್ಲ. ಗೋವಾದಿಂದ ಹಂಪಿಗೆ ಹೋಗುವ ದಾರಿ ಹುಬ್ಬಳ್ಳಿ, ಗದಗ ದಾಟಿ ಲಕ್ಕುಂಡಿಯ ಮಗ್ಗುಲಲ್ಲೇ ಹೋಗುತ್ತದೆ. ಸ್ಲೀಪರ್ ಬಸ್ಸಿನಲ್ಲಿ ಪರದೆ ಎಳೆದುಕೊಂಡು ಅರ್ಧ ಯುರೋಪು ನಮ್ಮ ಜಿಲ್ಲೆಯಲ್ಲಿ ಗೊರಕೆ ಹೊಡೆಯುತ್ತಾ ಹಾದುಹೋಗುತ್ತದೆ. ಗೊರಕೆಗೆ ಟಿಕೆಟ್ ಇಟ್ಟಿದ್ದರೆ ಇಷ್ಟೊತ್ತಿಗೆ ನಾವು ಎಲ್ಲಿಗೋ ಹೋಗಿರುತ್ತಿದ್ದೆವು.

ಎಚ್ಚರ ಇದ್ದು, ಗಾಡಿ ಇಳಿದು, ಗುಡಿ ನೋಡಲು ಬರುವ ಧೈರ್ಯಶಾಲಿಗಳೂ ಇದ್ದಾರೆ. ಅವರ ಕಥೆ ಕೇಳಿ. ಊರಿನ ಹೆಸರು ಬೇಡ, ನಮ್ಮ ಕಡೆಯದೇ ಒಂದು ಗುಡಿ. ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ ಅಂತ ಕಾನೂನಿದೆ. ಸಾರ್ವಜನಿಕ ಶೌಚಾಲಯಕ್ಕೆ ಅದೇ ಕಾನೂನಿನಲ್ಲಿ ವಿನಾಯಿತಿಯೂ ಇದೆ. ಆದರೂ ಇಲ್ಲಿಯ ಶೌಚಾಲಯ ದೂರದಲ್ಲಿದೆ. ಇರಲಿ, ನಡೆದರೆ ಆರೋಗ್ಯಕ್ಕೆ ಒಳ್ಳೆಯದು. ಕಟ್ಟಡ ನೋಡಿದರೆ ಖುಷಿಯಾಗುತ್ತದೆ. ಮುಂದೆ ಕರಿ ಗ್ರಾನೈಟಿನ ಕಲ್ಲು. ಅದರ ಮೇಲೆ ಬಂಗಾರದ ಬಣ್ಣದಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಸುಮ್ನೆ ಉಪಸ್ಥಿತಿ. ಹಂಪಿಯ ಶಾಸನಕ್ಕೂ ಇಷ್ಟು ಸಾಲು ಇರಲಿಕ್ಕಿಲ್ಲ. ಕಲ್ಲಿನ ಪಕ್ಕದಲ್ಲೇ ಬಾಗಿಲು. ಬಾಗಿಲಿಗೆ ಕೀಲಿ. ಕೀಲಿಯ ತೂತಿನಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ. ಅದರ ಮೇಲೆ 100 ಮೀಟರ್ ಕಾನೂನು ನಡೆಯುವುದಿಲ್ಲ.

ಪುಣೆಯಿಂದ ಕಾರಿನಲ್ಲಿ ಬಂದ ಒಂದು ಕುಟುಂಬ. ತಾಯಿ, ಮಗ, ಸೊಸೆ, ಇಬ್ಬರು ಮಕ್ಕಳು. ಮುದುಕಿ ಬಾಗಿಲ ಮುಂದೆ ನಿಂತು ಒಮ್ಮೆ ಕೀಲಿ ನೋಡುತ್ತಾಳೆ, ಒಮ್ಮೆ ಮಗನ ಮುಖ ನೋಡುತ್ತಾಳೆ. ಅಷ್ಟರಲ್ಲಿ ಕಾವಲಿನವನು ಬಂದ.

"ಕೀಲಿ ಕೈ ಸಾಹೇಬ್ರ ಹತ್ರ ಐತ್ರೀ."

"ಸಾಹೇಬ್ರು ಎಲ್ಲಿ?"

"ಗದಗಕ್ಕ ಮೀಟಿಂಗಿಗೆ ಹೋಗ್ಯಾರ್ರೀ."

"ಏನ್ ಮೀಟಿಂಗು?"

"ಪ್ರವಾಸಿಗರಿಗೆ ಸೌಲಭ್ಯ ಕೊಡೂದರ ಬಗ್ಗೆ ಅಂತ್ರೀ."

ಅವನ ತಪ್ಪೇನಿಲ್ಲ. ಶೌಚಾಲಯ ಕಟ್ಟುವುದಕ್ಕೆ ಅನುದಾನವಿದೆ. ಉದ್ಘಾಟನೆಗೆ ಟೇಪು, ಕತ್ತರಿ, ಶಾಲು, ಹಾರ ಇವೆ. ಮಾರನೇ ದಿನ ಬೆಳಿಗ್ಗೆ ಆ ಬಾಗಿಲು ತೆಗೆದು ನೀರು ಹಾಕಿ ತೊಳೆಯುವುದಕ್ಕೆ ಟೇಪೂ ಇಲ್ಲ, ಫೋಟೋನೂ ಇಲ್ಲ. ಬಕೆಟ್ ಹಿಡಿದ ಗಣ್ಯರನ್ನು ನೋಡಬೇಕೆಂದರೆ ಅಕ್ಟೋಬರ್ 2ರವರೆಗೆ ಕಾಯಬೇಕು.

ಇನ್ನು ಸೂಚನಾ, ಅಂದರೆ ಮಾಹಿತಿ. ಇದರಲ್ಲಿ ಲಕ್ಕುಂಡಿಗೆ ಒಂದು ಇತಿಹಾಸವೇ ಇದೆ. 1007ರಲ್ಲಿ ಇಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಪ್ರಿಂಟರ್ ಇಲ್ಲ, ಝೆರಾಕ್ಸ್ ಇಲ್ಲ. ಒಂದೊಂದು ಓಲೆಗರಿಯನ್ನೂ ಕೈಯಲ್ಲೇ ಕೊರೆಯಬೇಕಿತ್ತು. ನಾವೂ ಸಾವಿರ ಪ್ರತಿ ಮಾಡಿಸುತ್ತೇವೆ. ಫಳಫಳ ಹೊಳೆಯುವ ಆರ್ಟ್ ಪೇಪರಿನಲ್ಲಿ ಬ್ರೋಷರ್. ಮೊದಲ ಪುಟದಲ್ಲಿ ಕೈಮುಗಿದ ಗಣ್ಯರು, ಎರಡನೇ ಪುಟದಲ್ಲಿ ಅವರ ಸಂದೇಶ, ಕೊನೇ ಪುಟದಲ್ಲಿ ಜಾಗ ಉಳಿದಿದ್ದರೆ ಬಸದಿ. ಹಂಚುವ ಕೆಲಸ ಮಾತ್ರ ಬಾಕಿ. ಕಟ್ಟು ಬಿಚ್ಚದೇ ಬೀರುವಿನಲ್ಲಿ ಇಡುತ್ತಾರೆ. ಆ ಬೀರುವಿನ ಕೀಲಿ ಕೈಯೂ ಮೀಟಿಂಗಿಗೇ ಹೋಗಿರುತ್ತದೆ.

ಈ ಮೀಟಿಂಗಿಗೆ ನನ್ನನ್ನು ಯಾರೂ ಕರೆದಿಲ್ಲ. ಆದರೆ ಹೇಗೆ ನಡೆಯುತ್ತದೆ ಅಂತ ಇಲ್ಲಿಂದಲೇ ಹೇಳಬಲ್ಲೆ. ಸೆಪ್ಟೆಂಬರ್ 27, ವಿಶ್ವ ಪ್ರವಾಸೋದ್ಯಮ ದಿನ. ಪ್ರವಾಸದ ದಿನ ಎಲ್ಲರೂ ಸಭಾಭವನದಲ್ಲಿ ಕೂತಿರುತ್ತಾರೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು. ಆಮೇಲೆ ಬೆಂಗಳೂರಿನಿಂದ ಬಂದ ಹುಡುಗ ಪಿಪಿಟಿ ಹಾಕುತ್ತಾನೆ. ಅದರಲ್ಲಿ ಬಾಣಗಳು ಜಾಸ್ತಿ. ದೆಹಲಿಯಿಂದ ಬೆಂಗಳೂರಿಗೆ ಒಂದು ಬಾಣ, ಬೆಂಗಳೂರಿನಿಂದ ಜಿಲ್ಲೆಗೆ ಒಂದು ಬಾಣ. ಜಿಲ್ಲೆಯಿಂದ ಗುಡಿಗೆ ಬರುವ ಬಾಣ ಸ್ಲೈಡಿನಲ್ಲಿ ಹಿಡಿಸಿಲ್ಲ.

ಚರ್ಚೆ ಜೋರಾಗೇ ನಡೆಯುತ್ತದೆ. ರಸ್ತೆ? ಲೋಕೋಪಯೋಗಿಯವರು ನೋಡಬೇಕು. ಗೈಡು? ತರಬೇತಿ ಕೊಟ್ಟಿದ್ದೆವು, ಹುಡುಗರು ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋದರು. ಕುಡಿಯುವ ನೀರು? ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಯಾಕೆಂದರೆ ನಮ್ಮ ಊರಿಗೇ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಅನ್ನೋದು ಅಲ್ಲಿ ಕೂತ ಎಲ್ಲರಿಗೂ ಗೊತ್ತು. ಕೊನೆಗೆ ಎಲ್ಲರೂ ಒಪ್ಪುವ ಒಂದು ವಿಷಯ ಸಿಗುತ್ತದೆ. ಸೆಲ್ಫಿ ಪಾಯಿಂಟು! ಕುಮಾರವ್ಯಾಸ ಕೂತು ಬರೆದ ಎನ್ನುವ ವೀರನಾರಾಯಣ ಗುಡಿಯ ಕಂಬದ ಹತ್ತಿರ ಒಂದು, ಡಂಬಳದ ದೊಡ್ಡಬಸಪ್ಪನ ಗುಡಿ ಹತ್ತಿರ ಒಂದು, ಕಪ್ಪತಗುಡ್ಡದ ಮೇಲೆ ಒಂದು. 'ಐ ಲವ್ ಗದಗ' ಅಂತ ಆಳೆತ್ತರದ ಅಕ್ಷರ. ನಡುವೆ ಕೆಂಪು ಹೃದಯ, ರಾತ್ರಿ ಲೈಟು. ಗುಡಿ ಗೋಡೆ ಮೇಲೆ ಪ್ರೇಮಿಗಳು ಅದೇ ಹೃದಯ ಕೆತ್ತಿದರೆ ಎರಡು ವರ್ಷ, ಇಲಾಖೆ ಮಾಡಿಸಿದರೆ ಟೆಂಡರು.

ಊಟಕ್ಕೆ ಮುಂಚಿನ ಕೊನೇ ವಿಷಯ: ವಿದೇಶಿ ಪ್ರವಾಸಿಗರ ಸಂಖ್ಯೆ ಕಡಿಮೆ. ಸಭೆ ಗಂಭೀರವಾಯಿತು. ಹಿಂದಿನ ಸಾಲಿನಲ್ಲಿ ಕೂತ ಗುಮಾಸ್ತರೊಬ್ಬರು ಎದ್ದು ನಿಂತರು.

"ಸರ್, ನಮ್ಮ ಜಿಲ್ಲಾದಾಗಿನ ಮಾಗಡಿ ಕೆರಿಗೆ ಪ್ರತಿ ಚಳಿಗಾಲಕ್ಕ ಮಂಗೋಲಿಯಾದಿಂದ ಬರ್ತಾರಲ್ರೀ."

"ಯಾರ್ರೀ ಅವರು?"

"ಪಟ್ಟೆತಲೆ ಹೆಬ್ಬಾತು, ಸರ್. ಹಿಮಾಲಯ ಹಾರಿ ದಾಟಿ ಬರ್ತಾವ. 2024ರಾಗ ನಮ್ಮ ಕೆರಿಗೆ ಅಂತಾರಾಷ್ಟ್ರೀಯ ಮಹತ್ವದ ಜೌಗುಭೂಮಿ ಅಂತ ರಾಮ್ಸಾರ್ ಪಟ್ಟಾನೂ ಸಿಕ್ಕೈತಿ."

ಸಭೆಯಲ್ಲಿ ಗುಸುಗುಸು. ಅಧ್ಯಕ್ಷರು ಕನ್ನಡಕ ತೆಗೆದರು. "ಅವಕ್ಕೆ ಪಾಸ್‌ಪೋರ್ಟ್ ಇಲ್ಲವಲ್ರೀ."

"ಇಲ್ಲ ಸರ್. ಆದ್ರ ತಿಂಗಳುಗಟ್ಟಲೆ ಇರ್ತಾವ. ಹಂಪಿಗೆ ಬಂದವರು ಎರಡು ದಿನಕ್ಕ ಹೊಂಟ್ ಹೋಗ್ತಾರ. ನಮ್ಮವರ ಸರಾಸರಿ ವಾಸ್ತವ್ಯ ನೋಡ್ರಿ. ಊಟಾನೂ ಲೋಕಲ್, ಹೊಲದಾಗಿನ ಶೇಂಗಾ. ಶೌಚಾಲಯದ ಕೀಲಿ ಕೈಯಂತೂ ಒಮ್ಮೆನೂ ಕೇಳಿಲ್ಲ."

ಅಧ್ಯಕ್ಷರು ಸ್ವಲ್ಪ ಹೊತ್ತು ಯೋಚಿಸಿದರು. ಪಕ್ಕದವರ ಕಿವಿಯಲ್ಲಿ ಏನೋ ಕೇಳಿದರು. ಆಮೇಲೆ ನಡಾವಳಿ ಬರೆಯುವವರ ಕಡೆ ತಿರುಗಿ ಹೇಳಿದರು:

"ಬರ್ಕೊಳ್ಳಿ. ಮಾಗಡಿಗೊಂದು ಸೆಲ್ಫಿ ಪಾಯಿಂಟು."