ಗೆರೆಗಳ ಲೆಕ್ಕ ಅರ್ಧ ಕಾರಣ ಮಾತ್ರ
ಟಿವಿಯ ಆರಂಭದ ದಿನಗಳಲ್ಲಿ ಬ್ರಿಟನ್ನಿನ ಸಂಶೋಧಕ ಬೇರ್ಡ್ ಅವರ, ಚಿತ್ರವನ್ನು 240 ಅಡ್ಡಗೆರೆಗಳಾಗಿ ಒಡೆದು ಕಳಿಸುವ ಪದ್ಧತಿ ಮಾರ್ಕೋನಿ-ಇಎಂಐ ಕಂಪನಿಯ 405 ಗೆರೆಗಳೆದುರು ಸೋತಿತು ಎಂದಷ್ಟೇ ಟಿವಿ ಇತಿಹಾಸದ ಬಗೆಗಿನ ಲೇಖನದಲ್ಲಿದೆ. ಅದಕ್ಕಿಂತ ದೊಡ್ಡ ತೊಡಕು ಕ್ಯಾಮೆರಾದ್ದು. 1936ರ ನವೆಂಬರ್ 2ರಂದು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬಿಬಿಸಿಯ ಟಿವಿ ಪ್ರಸಾರ ಶುರುವಾದಾಗ ಬೇರ್ಡ್ ಕಡೆಯ ಮುಖ್ಯ ಸ್ಟುಡಿಯೋದಲ್ಲಿ ಚಿತ್ರ ನೇರವಾಗಿ ಹೋಗುತ್ತಲೇ ಇರಲಿಲ್ಲ. 17.5 ಮಿ.ಮೀ. ಫಿಲ್ಮಿನ ಮೇಲೆ ತೆಗೆದು, ಅಲ್ಲೇ ತೊಟ್ಟಿಗಳಲ್ಲಿ ಡೆವಲಪ್ ಮಾಡಿ, ತೊಳೆದು, ಇನ್ನೂ ನೀರಿನೊಳಗೇ ಇದ್ದ ಒದ್ದೆ ಫಿಲ್ಮನ್ನು ಸ್ಕ್ಯಾನ್ ಮಾಡುತ್ತಿದ್ದರು. ಹೆಚ್ಚುಕಮ್ಮಿ ಒಂದು ನಿಮಿಷ ತಡ! ಧ್ವನಿಯೂ ಅದೇ ಫಿಲ್ಮಿನಲ್ಲಿ. ನೀರಲ್ಲಿ ಗುಳ್ಳೆ ಎದ್ದರೆ ಮಾತೂ ಕೆಡುತ್ತಿತ್ತು. ತೊಟ್ಟಿ, ಕೊಳವೆಗಳಿಗೆ ಅಂಟಿಕೊಂಡಿದ್ದ ಆ ಕ್ಯಾಮೆರಾ ಜಾಗ ಬಿಟ್ಟು ಕದಲುವಂತಿರಲಿಲ್ಲ. ಮಾರ್ಕೋನಿ-ಇಎಂಐಯ ಎಲೆಕ್ಟ್ರಾನಿಕ್ ಕ್ಯಾಮೆರಾ ಎಮಿಟ್ರಾನನ್ನಾದರೆ ಕೇಬಲ್ ಎಳೆದಷ್ಟು ದೂರ ಒಯ್ಯಬಹುದಿತ್ತು. 1937ರ ಮೇ 12ರಂದು ಆರನೇ ಜಾರ್ಜ್ ಪಟ್ಟಾಭಿಷೇಕದ ಮೆರವಣಿಗೆಯನ್ನು ಹೈಡ್ ಪಾರ್ಕ್ ಕಾರ್ನರ್‌ನಿಂದ ನೇರವಾಗಿ ತೋರಿಸಲು ಆದದ್ದು ಅದರಿಂದಲೇ.